ಕ್ಯಾರವಾನ್ ಗಿಡ್ಡದ್ದು ತಗೊಳ್ಳುವುದಾ, ಉದ್ದದ್ದಾ? ಮನೆಯಲ್ಲಿ ಜಗಳ ಮುಗಿಯುತ್ತಿಲ್ಲ

ತೋಟದಮನೆ ಅಕ್ಕ, ಶಿರಸಿ

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿಯಿಂದ ಬನವಾಸಿಗೆ ಹೋಗುವ ದಾರಿಯಲ್ಲಿ, ಸ್ವಲ್ಪ ಒಳಗಿನ ಹಳ್ಳಿ. ಅಡಿಕೆ ತೋಟ. ಕೊಯ್ಲು ಮುಗಿದ ಮೇಲೆ ಮಳೆ ಹಿಡಿಯುವ ತನಕ ಊರು ಸುತ್ತಬೇಕು ಅಂತ ನಮ್ಮನೆಯವರಿಗೂ ನನಗೂ ಬಹಳ ದಿನದ ಆಸೆ. ಅತ್ತೆಯೂ ಬರುತ್ತಾರೆ. ಅವರಿಗೆ 78 ವರ್ಷ, ಮಂಡಿ ನೋವು, ಹೋಟೆಲ್ ಊಟ ಆಗುವುದಿಲ್ಲ, ಆದರೆ ತಿರುಗುವ ಉಮೇದು ನಮ್ಮಿಬ್ಬರಿಗಿಂತ ಜಾಸ್ತಿ. ಹಾಗಾಗಿ ಹಳೆಯ ಟೆಂಪೊ ಟ್ರಾವೆಲರ್ ಕೊಂಡು, ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವ ಹಾಗೆ ಕ್ಯಾರವಾನ್ ಮಾಡಿಸುವ ಯೋಚನೆ ಬಂದಿದೆ.

ಎರಡು ಗಾಡಿ ನೋಡಿಟ್ಟಿದ್ದೇವೆ. ಒಂದು 3350 ಮಿಲಿಮೀಟರ್ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ), ಇನ್ನೊಂದು 4020. ಎರಡೂ ಹೈರೂಫ್, ಅಂದರೆ ಮಾಡು ಎತ್ತರದ್ದು. ಇವರಿಗೆ ಉದ್ದದ್ದೇ ಬೇಕು. "ದುಡ್ಡು ಹಾಕುವುದು ಹೇಗೂ ಹಾಕುತ್ತೇವೆ, ಒಳಗೆ ಕೈಕಾಲು ಆಡಬೇಕಲ್ವಾ" ಅನ್ನುತ್ತಾರೆ. ನನಗೆ ನಮ್ಮ ಮನೆಯ ದಾರಿಯದೇ ಚಿಂತೆ. ಡಾಂಬರು ರಸ್ತೆ ಬಿಟ್ಟ ಮೇಲೆ ಮಣ್ಣಿನ ದಾರಿ. ಬಲಕ್ಕೆ ಚಿರೆಕಲ್ಲಿನ ಪಾಗಾರ (ಗೋಡೆ), ಎಡಕ್ಕೆ ತೋಟದ ಕಾಲುವೆ. ಕೊನೆಗೆ ಮೋರಿಯ ಮೇಲೆ ಎಡಕ್ಕೆ ತಿರುಗಿ ದಣಪೆ (ಬೇಲಿಯ ಗೇಟು) ದಾಟಿದರೆ ಅಂಗಳ.

ಓಡಿಸುವವರು ಇವರು ಮತ್ತು ಮಗಳು. ಮೊದಲು ಗೋಕರ್ಣ, ಮುರ್ಡೇಶ್ವರ, ಉಡುಪಿ. ಆಮೇಲೆ ಕೇರಳ. ಉಳವಿಗೂ ಹೋಗಬೇಕು ಅಂತ ಅತ್ತೆಯ ಅಪ್ಪಣೆಯಾಗಿದೆ. ಓಡಿಸಿ ಗೊತ್ತಿದ್ದವರು ಹೇಳಿ. ಮಾರುವವರ ಮಾತು ಬೇಕಾದಷ್ಟು ಕೇಳಿ ಆಗಿದೆ.

ಹೆದ್ದಾರಿ ಹುಡುಗ, ಯಲ್ಲಾಪುರ

ಅಕ್ಕಾ, ಎರಡೂ ಬೇಡ. ಮಾರುತಿ ಈಕೋ ತಗೊಳ್ಳಿ. ಉದ್ದ 3675 ಮಿಲಿಮೀಟರ್ ಅಷ್ಟೇ. ದಣಪೆ ಏನು, ತೋಟದ ಒಳಗೂ ಹೋಗುತ್ತದೆ. ಹಿಂದೆ ಹಾಸಿಗೆ, ಡಿಕ್ಕಿಯಲ್ಲಿ ಸ್ಟೌ. ನಾನೂ ನನ್ನ ದೋಸ್ತನೂ ಹಾಗೇ ತಿರುಗುವುದು.

ತೋಟದಮನೆ ಅಕ್ಕ, ಶಿರಸಿ

ತಮ್ಮಾ, ಈಕೋದ ಎತ್ತರ 1825. ಅದೂ ಹೊರಗಿನ ಅಳತೆ. ಅದರೊಳಗೆ ಅತ್ತೆ ಸೀರೆ ಉಡುವುದು ಹೇಗೆ? ಮನೆಗೆ ಬಂದು ನೀನೇ ಅವರಿಗೆ ಹೇಳು, ನಾನು ಚಹಾ ಮಾಡಿಕೊಡುತ್ತೇನೆ.

ಸ್ಟೇರಿಂಗ್ ಸದಾಶಿವಗಡ, ಕಾರವಾರ

ಅಕ್ಕಾ, ಟಿಟಿ, ಅಂದರೆ ಟೆಂಪೊ ಟ್ರಾವೆಲರ್, ಓಡಿಸುವುದೇ ನನ್ನ ಹೊಟ್ಟೆಪಾಡು. ಗಿಡ್ಡದ್ದು, ಉದ್ದದ್ದು ಎರಡನ್ನೂ ಘಟ್ಟ ಹತ್ತಿಸಿ ಇಳಿಸಿದವನು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

3350ಕ್ಕೂ 4020ಕ್ಕೂ 670 ಮಿಲಿಮೀಟರ್ ವ್ಯತ್ಯಾಸ, ಎರಡೂಕಾಲು ಅಡಿ ಹತ್ತಿರ, ಅಷ್ಟೇ ತಾನೇ ಅಂತ ಜನ ಅಂದುಕೊಳ್ಳುತ್ತಾರೆ. ಅದು ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ ಮಾತ್ರ. 4020ರ ಬಾಡಿ ಒಟ್ಟು ಸುಮಾರು 7 ಮೀಟರ್ ಬರುತ್ತದೆ. ಹಿಂದಿನ ಚಕ್ರ ದಾಟಿ ಚಾಚಿಕೊಂಡಿರುವ ಭಾಗವೂ ಅದರಲ್ಲಿ ಜಾಸ್ತಿ. ವೀಲ್‌ಬೇಸಿನ ಶೇಕಡಾ 60ರ ತನಕ ಹಾಗೆ ಚಾಚಲು ಕಾನೂನೇ ಬಿಡುತ್ತದೆ. ಕಾಟ ಕೊಡುವುದು ಈ ಬಾಲವೇ. ನಿಮ್ಮ ಮೋರಿಯ ಹತ್ತಿರ ಸ್ಟೇರಿಂಗ್ ಎಡಕ್ಕೆ ಕಡಿದಾಗ ಹಿಂದಿನ ಎಡ ಚಕ್ರ ಒಳಗೆ ಎಳೆದು ಕಾಲುವೆಯ ಅಂಚಿಗೆ ಬರುತ್ತದೆ. ಅದೇ ಹೊತ್ತಿಗೆ ಹಿಂದಿನ ಬಲ ಮೂಲೆ ಪಾಗಾರದ ಕಡೆ ಬೀಸುತ್ತದೆ. ಚಾಲಕ ನೋಡುವುದು ಎಡಗಡೆಯ ಕನ್ನಡಿ. ಉಜ್ಜಿಕೊಳ್ಳುವುದು ಬಲಗಡೆ.

ಘಟ್ಟದ ಬಗ್ಗೆ ಹೆದರಬೇಡಿ. ದೇವಿಮನೆ, ಅರಬೈಲ್, ಗೇರುಸೊಪ್ಪ ಎಲ್ಲಾ ಕಡೆ ಬಸ್ಸು, ಲಾರಿ ಓಡುತ್ತವೆ. 7 ಮೀಟರ್ ಅಲ್ಲಿ ಯಾವ ಲೆಕ್ಕ? ನೀವು ನೋಡಬೇಕಾದ್ದು ಹೆದ್ದಾರಿ ಬಿಟ್ಟ ಮೇಲಿನ ದಾರಿ. ಗೋಕರ್ಣದ ರಥಬೀದಿಗೆ ಉದ್ದದ ಗಾಡಿ ತರುವ ಮಾತೇ ಬೇಡ. ಹೋಂಸ್ಟೇ ಓಣಿಯಲ್ಲಿ ಎದುರಿಗೆ ಮೀನಿನ ಟೆಂಪೊ ಬಂದರೆ ರಿವರ್ಸ್ ಹೋಗಬೇಕಾದವರು ನೀವೇ, ಅವನು ಹೋಗುವುದಿಲ್ಲ. ಇನ್ನು ಎತ್ತರ. ಉದ್ದ ಉದ್ದ ಅಂತ ಎಲ್ಲರೂ ಅದನ್ನು ಮರೆಯುತ್ತಾರೆ. ಮಾಡಿನ ಮೇಲೆ ಎಸಿ ಕೂರಿಸಿದರೆ ಅದೂ ಸೇರಿತು. ಕೊಂಕಣ ರೈಲ್ವೆಯ ಕೆಳಗಿನ ಸಣ್ಣ ದಾರಿಗಳಲ್ಲಿ ಎತ್ತರದ ಬೋರ್ಡ್ ನೋಡಿಯೇ ನುಗ್ಗಿ. ಹಳ್ಳಿ ರಸ್ತೆಯಲ್ಲಿ ಜೋತುಬಿದ್ದ ಕರೆಂಟ್ ತಂತಿ, ಹಲಸಿನ ಕೊಂಬೆ ಬೇರೆ. ಗಾಡಿಯ ನಿಜವಾದ ಎತ್ತರ ಅಳೆದು ಸ್ಟೇರಿಂಗ್ ಹತ್ತಿರ ಬರೆದು ಅಂಟಿಸಿ.

ಉದ್ದದ ಗಾಡಿ ಮಾಡಿಸುವವರು ನೀರಿನ ಟ್ಯಾಂಕನ್ನು ತೀರಾ ಹಿಂದೆ ಇಡಿಸುತ್ತಾರೆ, ಜಾಗ ಇದೆಯಲ್ಲ ಅಂತ. 150 ಲೀಟರ್ ನೀರು ಅಂದರೆ 150 ಕಿಲೋ. ಅದು ಹಿಂದಿನ ಆಕ್ಸಲ್‌ನ ಆಚೆ ಕುಳಿತರೆ ಮುಂದಿನ ಭಾರ ತಗ್ಗುತ್ತದೆ, ಏರಿನಲ್ಲಿ ಸ್ಟೇರಿಂಗ್ ಹಗುರಾಗುತ್ತದೆ. ಟ್ಯಾಂಕ್, ಬ್ಯಾಟರಿ ಎರಡೂ ಆಕ್ಸಲ್‌ಗಳ ನಡುವೆ ಇರಲಿ. ಯಾವ ಗಾಡಿ ತಗೊಂಡರೂ ಸರಿ, ಈ ಒಂದು ಮಾತು ಬಿಡಬೇಡಿ.

ಲೈಸೆನ್ಸ್ ಚಿಂತೆ ಬೇಡ. ಒಟ್ಟು ತೂಕ 7,500 ಕಿಲೋ ಒಳಗಿದ್ದರೆ ಎಲ್‌ಎಂವಿ (ಲಘು ವಾಹನದ) ಲೈಸೆನ್ಸ್ ಸಾಕು, ಎರಡೂ ಅದರೊಳಗೇ ಬರುತ್ತವೆ. ಆದರೆ ಸೀಟು ಕಿತ್ತು ಹಾಸಿಗೆ ಹಾಕಿಸಿ ಸುಮ್ನೆ ಓಡಿಸುವ ಹಾಗಿಲ್ಲ. ಗಾಡಿಯ ಮೂಲ ರೂಪ ಬದಲಿಸುವುದರ ಬಗ್ಗೆ ಇರುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಕ್ಯಾರವಾನಿಗೆ ಎಐಎಸ್-124 ಅಂತ ಬೇರೆಯೇ ಮಾನದಂಡ ಇದೆ. ಮುಂಗಡ ಕೊಡುವ ಮೊದಲೇ ಶಿರಸಿ ಆರ್‌ಟಿಒದಲ್ಲಿ ಕೇಳಿ, ಆರ್‌ಸಿಯಲ್ಲಿ ಏನು ನಮೂದಾಗುತ್ತದೆ ಅಂತ ತಿಳಿದುಕೊಳ್ಳಿ. ಬಾಡಿ ಕಟ್ಟುವವನು "ಅದೆಲ್ಲಾ ನಾವು ನೋಡಿಕೊಳ್ಳುತ್ತೇವೆ" ಅಂದರೆ ಕಾಗದ ತೋರಿಸು ಅನ್ನಿ.

ನನ್ನನ್ನು ಕೇಳಿದರೆ ಗಿಡ್ಡದ್ದು. 3700 ಅಂತ ನಡುವಿನದ್ದೂ ಇದೆ, ಒಳ್ಳೆಯದು ಸಿಕ್ಕಿದರೆ ನೋಡಿ.

ಕಾಸರಕೋಡ ಕಡಲತಡಿ, ಹೊನ್ನಾವರ

ಅಣ್ಣ ಹೇಳಿದ್ದು ಓಡಿಸುವವರ ಮಾತು. ನಾನು ಒಳಗೆ ಕೂರುವವಳ ಮಾತು ಹೇಳುತ್ತೇನೆ. ನಮ್ಮದು 4020. ಅಪ್ಪನನ್ನೂ ಕರೆದುಕೊಂಡೇ ತಿರುಗುತ್ತೇವೆ.

ವ್ಯತ್ಯಾಸ ಇರುವುದು ಹಾಸಿಗೆಯಲ್ಲಿ. ಈ ಗಾಡಿಗಳ ಅಗಲ ಹೆಚ್ಚುಕಡಿಮೆ ಒಂದೇ. ಗೋಡೆಗೆ ಶಾಖ ತಡೆಯುವ ಶೀಟು, ಅದರ ಮೇಲೆ ಪ್ಲೈವುಡ್ ಕೂತ ಮೇಲೆ ಎತ್ತರದವರು ಅಡ್ಡಡ್ಡ ಮಲಗಲು ಆಗುವುದಿಲ್ಲ. ಹಾಗಾಗಿ ಹಾಸಿಗೆ ಉದ್ದಕ್ಕೇ ಬರಬೇಕು. ಗಿಡ್ಡ ಗಾಡಿಯಲ್ಲಿ ಅದಕ್ಕೇ ಅರ್ಧಕ್ಕಿಂತ ಜಾಸ್ತಿ ಜಾಗ ಹೋಯಿತು. ಆಮೇಲೆ ಏನು ಮಾಡುತ್ತಾರೆ? ಹಗಲು ಸೀಟು, ರಾತ್ರಿ ಹಾಸಿಗೆ ಆಗುವ ಹಾಗೆ ಮಾಡುತ್ತಾರೆ. ದಿನಾ ಸಂಜೆ ಹಲಗೆ ಎಳಿ, ಕುಶನ್ ಜೋಡಿಸು. ದಿನಾ ಬೆಳಗ್ಗೆ ಎಲ್ಲಾ ಮಡಚು. ಇಬ್ಬರೇ ಇದ್ದರೆ ನಡೆಯುತ್ತದೆ. ವಯಸ್ಸಾದವರಿಗೆ ಮಧ್ಯಾಹ್ನ ಊಟ ಆದ ಮೇಲೆ ಅರ್ಧ ಗಂಟೆ ಸೊಂಟ ನೆಟ್ಟಗೆ ಮಾಡಬೇಕು. ಆಗ ಯಾರು ಹಲಗೆ ಎಳೆಯುವುದು?

ಎರಡನೆಯದು ಪಾಯಿಖಾನೆ. ರಾತ್ರಿ ಎರಡು ಗಂಟೆಗೆ ಮಂಡಿ ನೋವಿನವರನ್ನು ಕೆಳಗಿಳಿಸಿ ಪೆಟ್ರೋಲ್ ಬಂಕಿನ ಮೂಲೆಗೆ ನಡೆಸಿಕೊಂಡು ಹೋಗಲು ಆಗುತ್ತದಾ? ಉದ್ದದ್ದರಲ್ಲಿ ಬಾಗಿಲು ಹಾಕಿಕೊಳ್ಳುವ ಹಾಗೆ ಒಂದು ಕೋಣೆ ಮಾಡಿಸಬಹುದು. ಗಿಡ್ಡದ್ದರಲ್ಲಿ ಮಾಡಿಸಿದರೆ ಅಡುಗೆ ಕಟ್ಟೆ ಹೋಗುತ್ತದೆ.

ಮೂರನೆಯದು ಮಳೆ. ಮೇ ಕೊನೆಗೆ ಉಡುಪಿಯ ಹತ್ತಿರ ಮಳೆ ಹಿಡಿದು ಮೂವರೂ ಒಳಗೇ ಕುಳಿತಿದ್ದೆವು. ಒಬ್ಬರು ಅಡುಗೆ, ಒಬ್ಬರು ನಿದ್ದೆ, ಒಬ್ಬರು ಮೊಬೈಲು. ಒದ್ದೆ ಪಂಚೆ ಒಣಗಿಸಲೂ ಜಾಗ ಇತ್ತು. ಗಿಡ್ಡ ಗಾಡಿಯಾಗಿದ್ದರೆ ನಾವು ಮಾತು ಬಿಟ್ಟು ಮನೆಗೆ ಬರುತ್ತಿದ್ದೆವು.

ಓಣಿಗೆ ಹೋಗುವುದಿಲ್ಲ ಅನ್ನುವುದು ನಿಜ. ನಾವು ಗಾಡಿ ದೊಡ್ಡ ರಸ್ತೆಯ ಪಕ್ಕದ ಹೋಂಸ್ಟೇ ಅಂಗಳದಲ್ಲಿ ಬಿಟ್ಟು, ಗೋಕರ್ಣದ ಕುಡ್ಲೆ ಬೀಚಿಗೋ ದೇವಸ್ಥಾನಕ್ಕೋ ರಿಕ್ಷಾ ಹತ್ತುತ್ತೇವೆ. ಒಂದು ಪ್ಲಗ್ ಪಾಯಿಂಟ್ ಕೊಡುತ್ತಾರಾ ಅಂತ ಮೊದಲೇ ಫೋನ್ ಮಾಡಿ ಕೇಳುವುದು. ಏಪ್ರಿಲ್ ಸೆಕೆಯಲ್ಲಿ ಅದೇ ಮುಖ್ಯ. 12 ವೋಲ್ಟಿನ 200 ಎಎಚ್ (ಆಂಪಿಯರ್-ಅವರ್) ಬ್ಯಾಟರಿಯಲ್ಲಿ ಇರುವುದು ಸುಮಾರು ಎರಡೂವರೆ ಯೂನಿಟ್ ಕರೆಂಟ್. ಎಸಿ ಗಂಟೆಗೆ ಒಂದು ಯೂನಿಟ್ ಎಳೆದರೆ ನಿದ್ದೆ ಹತ್ತುವಷ್ಟರಲ್ಲಿ ಬ್ಯಾಟರಿ ಖಾಲಿ.

ಸ್ಟೇರಿಂಗ್ ಸದಾಶಿವಗಡ, ಕಾರವಾರ

ಹಾಸಿಗೆ ವಿಷಯ ಒಪ್ಪಿದೆ ಅಕ್ಕಾ. ಸೆಕೆಗೆ ಇನ್ನೊಂದು ಉಪಾಯ ಅಂದರೆ ರಾತ್ರಿ ಘಟ್ಟ ಹತ್ತಿಬಿಡುವುದು. ಶಿರಸಿ ಸುಮಾರು 600 ಮೀಟರ್ ಮೇಲಿದೆ, ಫ್ಯಾನ್ ಸಾಕು.

ಮಳೆಯ ಮಾತು ಬಂತಲ್ಲ. ಉದ್ದವೋ ಗಿಡ್ಡವೋ, ಮಳೆಗಾಲದಲ್ಲಿ ಗುಡ್ಡ ಕಡಿದ ಜಾಗದ ಕೆಳಗೆ ಗಾಡಿ ನಿಲ್ಲಿಸಬೇಡಿ. ಚಹಾ ಕುಡಿಯಲೂ ಬೇಡ. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಚಹಾ ಅಂಗಡಿ, ನಿಂತಿದ್ದ ಲಾರಿ, ಟ್ಯಾಂಕರ್ ಎಲ್ಲದರ ಮೇಲೆ ಗುಡ್ಡ ಬಂದು ಗಂಗಾವಳಿಗೆ ಇಳಿಯಿತು. ಆ ದಾರಿಯಲ್ಲಿ ದಿನಾ ಓಡಾಡುವವರು ನಾವು. ದೊಡ್ಡ ಗಾಡಿಗೆ ನಿಲ್ಲಲು ಸಮತಟ್ಟು ಜಾಗ ಹುಡುಕುತ್ತಾ ಹೋದರೆ ಕಣ್ಣಿಗೆ ಬೀಳುವುದು ಇಂಥ ಅಗಲದ ಅಂಚುಗಳೇ. ಊರೊಳಗೆ, ದೇವಸ್ಥಾನದ ಬಯಲಿನಲ್ಲಿ, ಕೇಳಿಕೊಂಡು ನಿಲ್ಲಿಸಿ.

ಇನ್ನೊಂದು, ಸಮುದ್ರದ ಮರಳಿಗೆ ಇಳಿಸಲೇಬೇಡಿ. ಫೋಟೊ ಚಂದ ಬರುತ್ತದೆ. ಟ್ರ್ಯಾಕ್ಟರ್ ಬರುವಷ್ಟರಲ್ಲಿ ಭರತ (ಸಮುದ್ರದ ಉಬ್ಬರ) ಬಂದಿರುತ್ತದೆ.

ತೋಟದಮನೆ ಅಕ್ಕ, ಶಿರಸಿ

ಎಲ್ಲರಿಗೂ ಉಪಕಾರ. ಓದಿ ಹೇಳಿದರೆ ಇವರು ನಂಬಲಿಲ್ಲ. ಹಾಗಾಗಿ ನಿನ್ನೆ ಅಂಗಳದಲ್ಲೇ ಪರೀಕ್ಷೆ ಆಯಿತು. ನಮ್ಮ ಪಿಕಪ್ಪಿನ ಹಿಂದೆ ಅಡಿಕೆ ಮರದ ದಬ್ಬೆ ಕಟ್ಟಿ ಒಟ್ಟು 7 ಮೀಟರ್ ಮಾಡಿದೆವು. ಮೋರಿಯ ಹತ್ತಿರ ತಿರುಗಿಸಿದಾಗ ದಬ್ಬೆಯ ಬಲತುದಿ ಪಾಗಾರಕ್ಕೆ ತಾಗಿ ಮುರಿಯಿತು. ಅತ್ತೆ ಜಗಲಿಯಲ್ಲಿ ಕುಳಿತು ನೋಡುತ್ತಿದ್ದರು. "ಪಾಗಾರ ಕೆಡವುತ್ತೀಯೋ, ಗಾಡಿ ಗಿಡ್ಡ ಮಾಡುತ್ತೀಯೋ" ಅಂತ ಮಗನನ್ನು ಕೇಳಿದರು. ಪಾಗಾರ ಕಟ್ಟಿಸಿದವರು ಮಾವ. ಅಲ್ಲಿಗೆ ಮಾತು ಮುಗಿಯಿತು.

ಉದ್ದದ್ದು ತಂದು ಡಾಂಬರು ರಸ್ತೆಯ ಪಕ್ಕ ನಿಲ್ಲಿಸುವ ಯೋಚನೆಯೂ ಬಂದಿತ್ತು. ಅಲ್ಲಿ ಕರೆಂಟಿಲ್ಲ, ಮಳೆಗಾಲ ಪೂರ್ತಿ ಮುಚ್ಚಿಟ್ಟರೆ ಒಳಗೆಲ್ಲಾ ಬೂಸಲು ಹಿಡಿಯುತ್ತದೆ. ಮನೆಯ ಹತ್ತಿರ ಇದ್ದರೆ ಬಿಸಿಲು ಕಂಡ ದಿನ ಬಾಗಿಲು ತೆರೆದಿಡಬಹುದು. 3700 ಹುಡುಕಿದೆವು, ಸಿಕ್ಕಿದ್ದರ ಅಡಿಭಾಗ ತುಕ್ಕು. ಕಡಲ ಕಡೆ ಓಡಿದ ಗಾಡಿ.

ಹಾಗಾಗಿ 3350. ಹೊನ್ನಾವರದ ತಂಗಿ ಹೇಳಿದ್ದಕ್ಕೆ ಒಂದು ದಾರಿ ಮಾಡಿದ್ದೇವೆ. ಅತ್ತೆಗೆ ಎಡಗಡೆ ಉದ್ದಕ್ಕೆ ಒಂದು ಕಾಯಂ ಹಾಸಿಗೆ, ಅದನ್ನು ಮಡಚುವ ಹಾಗೇ ಇಲ್ಲ. ಹಲಗೆ ಎಳೆದು ಮಲಗುವುದು ನಾವಿಬ್ಬರು. ಪಾಯಿಖಾನೆಗೆ ಕೋಣೆ ಬೇಡ, ಕ್ಯಾಸೆಟ್ ಟಾಯ್ಲೆಟ್ (ಕೆಳಗಿನ ಡಬ್ಬಿ ತೆಗೆದು ಖಾಲಿ ಮಾಡುವಂಥದ್ದು) ಮತ್ತು ಸುತ್ತ ಪರದೆ. ಅಡುಗೆ ಹೆಚ್ಚಾಗಿ ಹೊರಗೆ, ಹಿಂದಿನ ಬಾಗಿಲ ಹತ್ತಿರ. ಮಗಳು ಜೊತೆಗೆ ಬಂದರೆ ಟೆಂಟ್.

ಒಂದು ಪ್ರಶ್ನೆ ಉಳಿಯಿತು. ಅತ್ತೆಗೆ ಬಾಗಿಲಿನ ಮೆಟ್ಟಿಲು ಎತ್ತರ ಆಗುತ್ತದೆ. ಏನು ಮಾಡುವುದು?

ಸ್ಟೇರಿಂಗ್ ಸದಾಶಿವಗಡ, ಕಾರವಾರ

ಬಾಗಿಲ ಕೆಳಗೆ ಮಡಚುವ ಕಬ್ಬಿಣದ ಮೆಟ್ಟಿಲು ವೆಲ್ಡಿಂಗ್ ಮಾಡಿಸಬೇಡಿ, ನಿಮ್ಮ ಮೋರಿಯ ದಿಬ್ಬಕ್ಕೇ ತಾಗುತ್ತದೆ. ಅಗಲದ ಮರದ ಮಣೆ, ಆರು ಇಂಚು ಎತ್ತರದ್ದು, ಕೆಳಗೆ ರಬ್ಬರ್ ಹೊಡೆದದ್ದು ಒಂದು ಮಾಡಿಸಿ. ಬಾಗಿಲಿನ ಎರಡೂ ಪಕ್ಕ ಹಿಡಿಕೆ ಬೇಕು, ಸ್ಟೀಲಿನದ್ದು. ಅತ್ತೆಯವರನ್ನೇ ಕರೆದುಕೊಂಡು ಹೋಗಿ, ಅವರು ಕೈ ಚಾಚಿದ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿಸಿ ಆಮೇಲೆ ಡ್ರಿಲ್ ಮಾಡಿಸಿ.