ವಿಸಿಟ್ ವೀಸಾದಲ್ಲಿ ದುಬೈಗೆ ಅಡುಗೆ ಕೆಲಸಕ್ಕೆ ಹೋಗಬಹುದೇ? (ಇ.ಸಿ.ಆರ್. ಪಾಸ್‌ಪೋರ್ಟ್)

ಡೊಂಬಿವಲಿ ವಾಸಿ:

ಎಲ್ಲರಿಗೂ ನಮಸ್ಕಾರ. ನನ್ನ ಭಾವಮೈದುನ ಕುಂದಾಪುರದ ಕಡೆಯವನು. ಎಂಟನೆಯ ತರಗತಿಗೆ ಶಾಲೆ ಬಿಟ್ಟು ಮುಂಬೈಗೆ ಬಂದ ಅವನು ಹನ್ನೊಂದು ವರ್ಷಗಳಿಂದ ವಾಶಿಯ ಒಂದು ಹೋಟೆಲಿನಲ್ಲಿ ಕಾವಲಿಯ ಮುಂದೆ ನಿಂತು ದೋಸೆ ಹಾಕುತ್ತಿದ್ದಾನೆ. ಈಗ ಅಂಧೇರಿಯ ಏಜೆಂಟರೊಬ್ಬರು ದುಬೈಯ ಹೋಟೆಲೊಂದರಲ್ಲಿ ಊಟ ಮತ್ತು ವಸತಿಯ ಜೊತೆಗೆ ತಿಂಗಳಿಗೆ 1,800 ದಿರ್ಹಮ್ ಸಂಬಳದ ಕೆಲಸವಿದೆ ಎಂದು ಹೇಳಿ, 85,000 ರೂಪಾಯಿ ಕೇಳುತ್ತಿದ್ದಾರೆ. ವಾಟ್ಸಾಪಿನಲ್ಲಿ ಬಂದ ವೀಸಾ ಪ್ರತಿಯಲ್ಲಿ 'ಟೂರಿಸ್ಟ್' ಎಂದು ಬರೆದಿದೆ. ವಿಚಾರಿಸಿದಾಗ, ಮೊದಲು ವಿಸಿಟ್ ವೀಸಾದಲ್ಲಿ ಹೋಗಲಿ, ಅಲ್ಲಿ ಇಳಿದ ಮೇಲೆ ಕೆಲಸದ ವೀಸಾ ಮಾಡಿಸುತ್ತೇವೆ, ವಿಮಾನ ನಿಲ್ದಾಣದಲ್ಲಿ ಯಾರಾದರೂ ಕೇಳಿದರೆ ಸಂಬಂಧಿಕರನ್ನು ನೋಡಲು ಹೋಗುತ್ತಿದ್ದೇನೆ ಎಂದರೆ ಸಾಕು ಎಂಬ ಉತ್ತರ ಬಂತು. ಅವನ ಪಾಸ್‌ಪೋರ್ಟಿನಲ್ಲಿ ಇ.ಸಿ.ಆರ್. (ಎಮಿಗ್ರೇಷನ್ ಚೆಕ್ ರಿಕ್ವೈರ್ಡ್, ಅಂದರೆ ವಲಸೆ ತಪಾಸಣೆ ಅಗತ್ಯ) ಎಂಬ ನಮೂದು ಇದೆ. ವೀಸಾ ಬೇರೆ, ವರ್ಕ್ ಪರ್ಮಿಟ್ ಬೇರೆ ಎಂದು ಕೆಲವರು ಹೇಳುತ್ತಾರೆ. ಇದರಲ್ಲಿ ಯಾವುದು ಸರಿ, ಎಷ್ಟು ಹಣ ನ್ಯಾಯವಾದುದು ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು. ಹುಡುಗ ಈಗಾಗಲೇ ಹೋಟೆಲ್ ಮಾಲೀಕರಿಗೆ ಕೆಲಸ ಬಿಡುವುದಾಗಿ ಹೇಳಿಬಿಟ್ಟಿದ್ದಾನೆ.

ಹಳೆಯ ಗಲ್ಫ್ ವಾಸಿ, ಠಾಣೆ:

ನಾನು ಹದಿನಾಲ್ಕು ವರ್ಷ ದುಬೈಯ ಹೋಟೆಲ್ ಅಡುಗೆಮನೆಗಳಲ್ಲಿ ದುಡಿದು ಬಂದವನು. ತಮಗೆ ಹೇಳಿದವರು ಸರಿಯಾಗಿಯೇ ಹೇಳಿದ್ದಾರೆ. ವೀಸಾ ಎಂದರೆ ಆ ದೇಶದ ಒಳಗೆ ಕಾಲಿಡಲು, ಅಲ್ಲಿ ಇಷ್ಟು ದಿನ ಇರಲು ಸಿಗುವ ಅನುಮತಿ. ಸಂಬಳಕ್ಕೆ ದುಡಿಯುವ ಅನುಮತಿಯೇ ವರ್ಕ್ ಪರ್ಮಿಟ್, ಅದನ್ನು ಕೊಡುವುದು ಅಲ್ಲಿನ ಮಾನವ ಸಂಪನ್ಮೂಲ ಮತ್ತು ಎಮಿರೇಟೀಕರಣ ಸಚಿವಾಲಯ. ಅದಕ್ಕೆ ಅರ್ಜಿ ಹಾಕಬೇಕಾದವರು ಮಾಲೀಕರೇ ಹೊರತು ಕೆಲಸಗಾರನಲ್ಲ, ಮುಂಬೈಯ ಏಜೆಂಟರಂತೂ ಅಲ್ಲವೇ ಅಲ್ಲ.

ಕ್ರಮವಾಗಿ ನಡೆದರೆ, ಸಚಿವಾಲಯದ ನಿಗದಿತ ನಮೂನೆಯ ಆಫರ್ ಲೆಟರ್ ಮೊದಲು ಬರುತ್ತದೆ. ಅದು ಅರಬ್ಬಿ ಮತ್ತು ಇಂಗ್ಲಿಷ್ ಅಲ್ಲದೆ ಕೆಲಸಗಾರನಿಗೆ ಅರ್ಥವಾಗುವ ಇನ್ನೊಂದು ಭಾಷೆಯಲ್ಲಿಯೂ ಇರಬೇಕು. ಹುಡುಗ ಅದಕ್ಕೆ ಸಹಿ ಹಾಕಿದ ಮೇಲೆ ಪರ್ಮಿಟ್ಟಿಗೆ ಒಪ್ಪಿಗೆ ಸಿಕ್ಕಿ, ಉದ್ಯೋಗಕ್ಕಾಗಿಯೇ ಕೊಡುವ ಎಂಟ್ರಿ ಪರ್ಮಿಟ್ ಬರುತ್ತದೆ. ಅದರ ಮೇಲೆ ಅಲ್ಲಿ ಇಳಿದು, ರಕ್ತಪರೀಕ್ಷೆ ಮತ್ತು ಎದೆಯ ಎಕ್ಸ್‌ರೇ ಮುಗಿಸಿ, ಬೆರಳಚ್ಚು ಕೊಟ್ಟು, ಅಲ್ಲಿನ ಗುರುತಿನ ಚೀಟಿಯಾದ ಎಮಿರೇಟ್ಸ್ ಐ.ಡಿ. ಪಡೆದರೆ ಎರಡು ವರ್ಷದ ವಾಸದ ಅನುಮತಿ ದೊರೆತಂತೆ. 2022ರ ಫೆಬ್ರವರಿಯಿಂದ ಜಾರಿಯಲ್ಲಿರುವ ಅಲ್ಲಿನ ಕಾರ್ಮಿಕ ಕಾನೂನಿನ ಪ್ರಕಾರ ನೇಮಕಾತಿಯ ಖರ್ಚನ್ನು ಮಾಲೀಕರೇ ಹೊರಬೇಕು, ನೇರವಾಗಿಯಾಗಲಿ ಸುತ್ತಿಬಳಸಿಯಾಗಲಿ ಅದನ್ನು ಕೆಲಸಗಾರನಿಂದ ವಸೂಲು ಮಾಡುವಂತಿಲ್ಲ.

ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿಯೇ ಕೆಲಸದ ವೀಸಾಕ್ಕೆ ಬದಲಾಯಿಸಿಕೊಳ್ಳುವ ದಾರಿ ಇದೆ ಎಂಬುದು ನಿಜ. ಏಜೆಂಟರ ಮಾತು ನಂಬುವಂತೆ ಕೇಳಿಸುವುದು ಈ ಅರ್ಧ ಸತ್ಯದಿಂದಲೇ. ಆದರೆ ಬದಲಾವಣೆ ಮುಗಿಯುವ ತನಕ ಒಂದು ದಿನವೂ ಕೆಲಸ ಮಾಡುವಂತಿಲ್ಲ, ಮಾಡಿಸಿಕೊಳ್ಳುವಂತೆಯೂ ಇಲ್ಲ. ಪರ್ಮಿಟ್ ಇಲ್ಲದವರನ್ನು ದುಡಿಸಿಕೊಂಡ ಮಾಲೀಕರಿಗೆ 2024ರ ತಿದ್ದುಪಡಿಯಂತೆ ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಮ್ ತನಕ ದಂಡವಿದೆ. ನನ್ನ ಜೊತೆ ಹೀಗೆ ಬಂದ ಹುಡುಗನೊಬ್ಬನಿದ್ದ. ತಪಾಸಣೆಯವರು ಬಂದರೆಂದರೆ ಅವನು ಒದ್ದೆ ಕೈಯಲ್ಲೇ ಹಿಟ್ಟಿನ ಸೌಟು ಹಿಡಿದುಕೊಂಡು ದಾಸ್ತಾನು ಕೋಣೆಯ ಅಕ್ಕಿ ಮೂಟೆಗಳ ಹಿಂದೆ ಕುಳಿತುಕೊಳ್ಳುತ್ತಿದ್ದ. ಮೂರು ತಿಂಗಳ ಸಂಬಳ ಬರಲಿಲ್ಲ. ದೂರು ಕೊಡೋಣ ಎಂದರೆ, ಅಲ್ಲಿ ದುಡಿದದ್ದಕ್ಕೆ ಅವನ ಬಳಿ ಒಂದು ಚೀಟಿಯೂ ಇರಲಿಲ್ಲ. ವೀಸಾದ ಅವಧಿ ಮುಗಿದ ಮೇಲೆ ದಿನಕ್ಕೆ ಇಷ್ಟೆಂದು ಏರುವ ದಂಡವೂ ಅವನ ತಲೆಗೇ ಬಂತು.

ಪುಣೆಯ ಓದುಗ:

ವಿದೇಶಕ್ಕೆ ಕೆಲಸಗಾರರನ್ನು ಕಳುಹಿಸುವ ಕಾಗದಪತ್ರಗಳೇ ನನ್ನ ನಿತ್ಯದ ಕೆಲಸವಾದ್ದರಿಂದ ಭಾರತದ ಕಡೆಯ ನಿಯಮಗಳನ್ನು ಹೇಳುತ್ತೇನೆ. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ಇ.ಸಿ.ಆರ್. ಎಂಬ ನಮೂದು ಇರುತ್ತದೆ. ಅಂಥವರು ಯು.ಎ.ಇ., ಸೌದಿ, ಕತಾರ್, ಒಮಾನ್, ಕುವೈತ್, ಬಹರೈನ್, ಮಲೇಷ್ಯಾ ಮುಂತಾದ 18 ದೇಶಗಳಿಗೆ ಕೆಲಸಕ್ಕಾಗಿ ಹೋಗುವಾಗ 1983ರ ವಲಸೆ ಕಾಯ್ದೆಯ ಪ್ರಕಾರ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ (ವಲಸೆ ಹೋಗುವ ಕೆಲಸಗಾರರ ಹಿತ ಕಾಯುವ ಸರ್ಕಾರಿ ಅಧಿಕಾರಿ) ಅವರಿಂದ ಕ್ಲಿಯರೆನ್ಸ್, ಅಂದರೆ ಹೋಗಲು ಒಪ್ಪಿಗೆ, ಪಡೆಯಲೇಬೇಕು. ಮುಂಬೈಯಲ್ಲಿ ಆ ಕಚೇರಿ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ವಿದೇಶ ಭವನದಲ್ಲಿದೆ, ಅರ್ಜಿಯೆಲ್ಲ ಸರ್ಕಾರದ ಇ-ಮೈಗ್ರೇಟ್ ಜಾಲತಾಣದ ಮೂಲಕವೇ ನಡೆಯುತ್ತದೆ. ಪ್ರವಾಸಕ್ಕೆ ಹೋಗುವವರಿಗೆ ಈ ಕ್ಲಿಯರೆನ್ಸ್ ಬೇಡ. ಏಜೆಂಟರು ನುಸುಳುವ ಸಂದು ಇದೇ. ತಮ್ಮ ಭಾವಮೈದುನನಿಗೆ 'ಸಂಬಂಧಿಕರನ್ನು ನೋಡಲು' ಎಂದು ಹೇಳಿಕೊಟ್ಟಿರುವುದರ ಅರ್ಥ, ಅವನ ಹೆಸರು ಕೆಲಸಗಾರನೆಂದು ಭಾರತ ಸರ್ಕಾರದ ಯಾವ ಪುಸ್ತಕದಲ್ಲಿಯೂ ದಾಖಲಾಗಬಾರದು ಎಂಬುದೇ ಆಗಿದೆ. ಸುಳ್ಳು ಹೇಳಿ ಸಿಕ್ಕಿಬೀಳುವವನು ಅವನು, ಏಜೆಂಟರಲ್ಲ.

ಕ್ಲಿಯರೆನ್ಸ್ ಎಂದರೆ ಬರೀ ಸೀಲು ಎಂದು ಹಲವರು ತಿಳಿದಿದ್ದಾರೆ. ಅದಕ್ಕಾಗಿ ಉದ್ಯೋಗದ ಕರಾರು ಸಲ್ಲಿಸಬೇಕು, ಪ್ರವಾಸಿ ಭಾರತೀಯ ಬಿಮಾ ಯೋಜನೆ ಮಾಡಿಸಲೇಬೇಕು. ಎರಡು ವರ್ಷಕ್ಕೆ 275 ರೂಪಾಯಿ ವಿಮಾ ಕಂತು ಕಟ್ಟಿದರೆ, ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಸಂಭವಿಸಿದಾಗ ಹತ್ತು ಲಕ್ಷ ರೂಪಾಯಿಯ ವಿಮೆ ಅದರಲ್ಲಿದೆ. ಕುದಿಯುವ ಎಣ್ಣೆಯ ಪಕ್ಕದಲ್ಲಿ ದಿನಕ್ಕೆ ಹತ್ತು ಗಂಟೆ ನಿಲ್ಲುವವನಿಗೆ ಇದು ಸಣ್ಣ ಮಾತಲ್ಲ.

ಹಣದ ವಿಚಾರಕ್ಕೆ ಬಂದರೆ, ನೋಂದಾಯಿತ ಏಜೆಂಟರು ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಶೇಕಡ 18 ಜಿ.ಎಸ್.ಟಿ. ಸೇರಿ 35,400 ಆಗುತ್ತದೆ. ಅದಕ್ಕೂ ರಸೀದಿ ಕೊಡಬೇಕು. 85,000 ಕೇಳಿದಾಗಲೇ ಉತ್ತರ ಸಿಕ್ಕಿದಂತಾಯಿತು. ಆದರೂ ಅವರ ನೋಂದಣಿ ಸಂಖ್ಯೆ ಕೇಳಿ, ಇ-ಮೈಗ್ರೇಟ್‌ನ ಏಜೆಂಟರ ಪಟ್ಟಿಯಲ್ಲಿ ಅದೇ ಹೆಸರು, ಅದೇ ವಿಳಾಸ ಇದೆಯೇ ಎಂದು ನೋಡಿರಿ. ಸಂಖ್ಯೆ ಒಬ್ಬರದು, ಕಚೇರಿ ಇನ್ನೊಬ್ಬರದು ಆಗಿದ್ದರೆ ಅವರು ಸಬ್ ಏಜೆಂಟರು, ಅಂಥವರಿಗೆ ಕಾನೂನಿನ ಮಾನ್ಯತೆ ಇಲ್ಲ.

ಮಡಗಾಂವ್ ಕನ್ನಡತಿ:

ಮೇಲಿನವರ ಮಾತಿಗೆ ಒಂದೆರಡು ಸಂಗತಿ ಸೇರಿಸುತ್ತೇನೆ. ಹುಡುಗ ಮುಕ್ತ ಶಾಲೆಯ ಮೂಲಕ ಹತ್ತನೆಯ ತರಗತಿ ಪಾಸು ಮಾಡಿಕೊಂಡರೆ ಪಾಸ್‌ಪೋರ್ಟನ್ನು ಮರುವಿತರಣೆಗೆ ಹಾಕಿ ಇ.ಸಿ.ಆರ್. ತೆಗೆಸಿಕೊಳ್ಳಬಹುದು. ಆದರೆ ಈ ಸಲದ ಕೆಲಸಕ್ಕಾಗಿ ಯಾರಾದರೂ ಅಂಕಪಟ್ಟಿ 'ಮಾಡಿಸಿಕೊಡುತ್ತೇನೆ' ಎಂದು ಬಂದರೆ ಬಾಗಿಲು ಹಾಕಿಕೊಳ್ಳಿ. ಇಲ್ಲಿ ಗೋವಾದಲ್ಲಿ ನನ್ನ ತಮ್ಮ ಹಡಗಿನ ಅಡುಗೆಮನೆಯಲ್ಲಿದ್ದಾನೆ. ಅವನನ್ನು ನೋಡಿ ಬಹಳ ಜನ ಅದೇ ನಿಯಮ ಎಲ್ಲರಿಗೂ ಅಂದುಕೊಳ್ಳುತ್ತಾರೆ. ಹಡಗಿನವರ ದಾರಿಯೇ ಬೇರೆ: ಅವರಿಗೆ ಸಿ.ಡಿ.ಸಿ. ಪುಸ್ತಕ (ನಾವಿಕರ ಗುರುತು ಮತ್ತು ಸೇವೆಯ ದಾಖಲೆ) ಬೇಕು, ನೇಮಕ ಮಾಡುವವರಿಗೆ ಮುಂಬೈಯ ಡಿ.ಜಿ. ಶಿಪ್ಪಿಂಗ್ (ಹಡಗು ಸಾರಿಗೆಯ ಸರ್ಕಾರಿ ನಿರ್ದೇಶನಾಲಯ) ಕೊಡುವ ಪರವಾನಗಿ ಬೇಕು.

ನನ್ನ ಯಜಮಾನರು ಅಬುಧಾಬಿಗೆ ಎಂಜಿನಿಯರಾಗಿ ಹೋಗುವಾಗ ಧಾರವಾಡದಲ್ಲಿ ಪಡೆದ ಪದವಿ ಪತ್ರ ದೃಢೀಕರಿಸಲು ಓಡಾಡಿದ್ದೇ ಓಡಾಡಿದ್ದು. ವಾಸ ಗೋವಾದಲ್ಲಿದ್ದರೂ ಪದವಿ ಕೊಟ್ಟ ರಾಜ್ಯದ ಮುದ್ರೆಯೇ ಮೊದಲು ಬೀಳಬೇಕಾದ್ದರಿಂದ ಬೆಂಗಳೂರಿಗೆ ಹೋಗಬೇಕಾಯಿತು. ಆ ಮೇಲೆ ವಿದೇಶಾಂಗ ಸಚಿವಾಲಯ, ಆ ಮೇಲೆ ಯು.ಎ.ಇ. ದೂತಾವಾಸ. ತಮ್ಮ ಭಾವಮೈದುನನಿಗೆ ಈ ಗೋಜು ಇಲ್ಲ.

ಡೊಂಬಿವಲಿ ವಾಸಿ:

ಮೂವರಿಗೂ ಧನ್ಯವಾದಗಳು. ನೋಂದಣಿ ಸಂಖ್ಯೆ ಕೇಳಿದಾಗ ಎರಡು ದಿನ ತಳ್ಳಿ, ಕೊನೆಗೆ ಒಂದು ಸಂಖ್ಯೆ ಕೊಟ್ಟರು. ಇ-ಮೈಗ್ರೇಟ್‌ನಲ್ಲಿ ಅದು ಬೇರೊಂದು ಸಂಸ್ಥೆಯ ಹೆಸರಿನಲ್ಲಿದೆ, ಆ ಸಂಸ್ಥೆಯ ವಿಳಾಸವೂ ಅಂಧೇರಿಯದಲ್ಲ. ಹಣ ಕೊಟ್ಟಿಲ್ಲ. ಆದರೆ ಪಾಸ್‌ಪೋರ್ಟ್ ಅವರ ಕಚೇರಿಯಲ್ಲಿದೆ, ಹಿಂದಿರುಗಿಸಲು 'ಫೈಲ್ ಚಾರ್ಜ್' ಎಂದು 5,000 ಕೇಳುತ್ತಿದ್ದಾರೆ. ಕೊಟ್ಟು ಮುಗಿಸಿಬಿಡಲೇ?

ಪುಣೆಯ ಓದುಗ:

ಕೊಡಬೇಡಿ. ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಪಾಸ್‌ಪೋರ್ಟ್ ಕೇಂದ್ರ ಸರ್ಕಾರದ ಸ್ವತ್ತು, ಅದನ್ನು ಒತ್ತೆಯಿಟ್ಟುಕೊಳ್ಳಲು ಅವರಿಗೆ ಹಕ್ಕಿಲ್ಲ. ಇಂಥ ದಿನ ಪಾಸ್‌ಪೋರ್ಟ್ ಕೊಟ್ಟಿದ್ದೇನೆ, ಹಿಂದಿರುಗಿಸಿ ಎಂದು ಭಾವಮೈದುನನ ಸಹಿಯಿರುವ ಪತ್ರವೊಂದನ್ನು ಎರಡು ಪ್ರತಿಗಳಲ್ಲಿ ಬರೆದು ಇಬ್ಬರೂ ಕೂಡಿ ಹೋಗಿ. ಸ್ವೀಕರಿಸಿದ ಸಹಿ ಕೇಳಿ. ಮುಂದಿನ ಪ್ರತಿ ಪೊಲೀಸ್ ಠಾಣೆಗೂ ವಿದೇಶ ಭವನಕ್ಕೂ ಹೋಗುತ್ತದೆ ಎಂದು ಮೆತ್ತಗೆ ಹೇಳಿರಿ.

ಡೊಂಬಿವಲಿ ವಾಸಿ:

ನಿನ್ನೆ ಸಂಜೆ ಹೋಗಿದ್ದೆವು. ಪತ್ರ ಓದಿದ ಮೇಲೆ ಡ್ರಾಯರಿನಿಂದ ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ತೆಗೆದರು. ಅದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಪಾಸ್‌ಪೋರ್ಟುಗಳಿದ್ದವು, ನಮ್ಮದು ಕೆಳಗಿನಿಂದ ಮೂರನೆಯದು. ಹಣ ಕೇಳದೆ ಕೊಟ್ಟರು. ಉಳಿದವರಿಗಾಗಿ ಆ ಪತ್ರದ ಇನ್ನೊಂದು ಪ್ರತಿಯನ್ನು ಸೋಮವಾರ ವಿದೇಶ ಭವನದಲ್ಲಿ ಕೊಟ್ಟು ಬರುತ್ತೇನೆ. ವಾಶಿಯ ಮಾಲೀಕರು ಹುಡುಗನನ್ನು ಮತ್ತೆ ಕಾವಲಿಯ ಮುಂದೆ ನಿಲ್ಲಿಸಿಕೊಂಡಿದ್ದಾರೆ.