ಎರಡೂ ಸ್ಕೋಪಿ ನಾರ್ಮಲ್, ಆದರೂ ಅವ್ವನ ರಕ್ತ ಇಳಿಯುತ್ತಲೇ ಇದೆ

ಮುಧೋಳದ ಮಗ:
ನಮ್ಮ ಅವ್ವನಿಗೆ 54 ವರ್ಷ. ಐದು ತಿಂಗಳ ಹಿಂದೆ ರೊಟ್ಟಿ ಬಡಿಯುತ್ತಾ ಕಣ್ಣು ಕತ್ತಲೆ ಬಂದು ಕುಸಿದಳು. ಹಿಮೋಗ್ಲೋಬಿನ್ 6.8 ಇತ್ತು. ಎರಡು ಬಾಟಲಿ ರಕ್ತ ಹಾಕಿಸಿದೆವು, 9ಕ್ಕೆ ಏರಿತು. ಆರು ವಾರದಲ್ಲಿ ಮತ್ತೆ 7.4. ಮುಟ್ಟು ನಿಂತು ನಾಲ್ಕು ವರ್ಷವಾಗಿದೆ, ಮೂಲವ್ಯಾಧಿ ಇಲ್ಲ. ಬಾಯಿಯಿಂದ ನಳಿಕೆ ಹಾಕಿ ನೋಡುವ ಎಂಡೋಸ್ಕೋಪಿ, ಕೆಳಗಿನಿಂದ ಹಾಕುವ ಕೊಲೊನೋಸ್ಕೋಪಿ ಎರಡೂ ನಾರ್ಮಲ್. ಈಗ ಬೆಳಗಾವಿಯ ಡಾಕ್ಟರು ಸಣ್ಣ ಕರುಳಿನಲ್ಲಿ ಗಡ್ಡೆ ಇರಬಹುದು, ಕ್ಯಾಮೆರಾ ಇರುವ ಕ್ಯಾಪ್ಸೂಲ್ ನುಂಗಿಸಿ ನೋಡೋಣ ಎನ್ನುತ್ತಾರೆ. ಮನೆಯವರು ಸುಮ್ನೆ ಖರ್ಚು, ಬೀಟ್‌ರೂಟ್ ತಿನ್ನಿಸು ಎನ್ನುತ್ತಾರೆ. ಏನು ಮಾಡಲಿ?

ಬನಹಟ್ಟಿ ಅಕ್ಕ:
ತಮ್ಮಾ, ದಯವಿಟ್ಟು ನೋಡಿಸು. ನನ್ನ ಗಂಡನದೂ ಹೀಗೇ ಶುರುವಾಯಿತು. ನಮ್ಮದು ನೇಕಾರರ ಮನೆ. ಮಗ್ಗದ ಮುಂದೆ ಒಂದು ತಾಸು ನಿಂತರೆ ಅವರಿಗೆ ಏದುಸಿರು ಬರುತ್ತಿತ್ತು. ಎರಡೂ ಸ್ಕೋಪಿ ಆದವು, ಏನೂ ಇಲ್ಲ ಅಂದರು. ನಾವು ನೆಮ್ಮದಿಯಿಂದ ಮನೆಗೆ ಬಂದೆವು. ಆಮೇಲೆ ಗೊತ್ತಾಯಿತು, ಮೇಲಿನ ನಳಿಕೆ ಸಣ್ಣ ಕರುಳಿನ ಬಾಯಿಯವರೆಗೆ ಮಾತ್ರ ಹೋಗುತ್ತದೆ, ಕೆಳಗಿನದು ಅದರ ಕೊನೆಯ ಗೇಣಿನವರೆಗೆ. ನಡುವೆ ಸುಮಾರು 20 ಅಡಿ ಉಳಿಯುತ್ತದೆ. ಸೀರೆಯ ಸೆರಗೊಂದನ್ನು, ಒಳಚುಂಗೊಂದನ್ನು ನೋಡಿ ಒಡಲಿನಲ್ಲಿ ದೋಷವಿಲ್ಲ ಅಂದರೆ ಹೇಗೆ?

ಮತ್ತೊಂದು ಆಸ್ಪತ್ರೆಯಲ್ಲಿ ಸ್ಕ್ಯಾನ್‌ನಲ್ಲಿ ಕರುಳು ದಪ್ಪ ಕಂಡಿತು ಅಂತ ಟಿಬಿ ಮಾತ್ರೆ ಶುರು ಮಾಡಿದರು. ತುಣುಕು ತೆಗೆದು ಪರೀಕ್ಷೆ ಮಾಡಲೇ ಇಲ್ಲ. ನಮ್ಮ ದೇಶದಲ್ಲಿ ಕರುಳಿನ ಟಿಬಿ ಇರುವುದು ನಿಜ, ಸ್ಕ್ಯಾನ್‌ನಲ್ಲಿ ಗಡ್ಡೆಯ ಹಾಗೇ ಕಾಣುವುದೂ ನಿಜ. ಆದರೆ ನಮ್ಮ ನಾಲ್ಕು ತಿಂಗಳು ಹೋದವು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕೊನೆಗೆ ಸಿಟಿ ಎಂಟರೋಗ್ರಫಿ ಮಾಡಿಸಿದೆವು. ಲೀಟರಿಗೂ ಜಾಸ್ತಿ ದ್ರವ ಕುಡಿಸಿ, ಕರುಳು ಉಬ್ಬಿದ ಮೇಲೆ ತೆಗೆಯುವ ಸ್ಕ್ಯಾನ್ ಅದು. ಸಣ್ಣ ಕರುಳಿನ ನಡುಭಾಗದಲ್ಲಿ 6 ಸೆಂಟಿಮೀಟರ್ ಗಡ್ಡೆ! ಆ ತುಂಡನ್ನು ಕತ್ತರಿಸಿ, ಎರಡು ತುದಿ ಜೋಡಿಸಿದರು. ಹತ್ತು ದಿನಕ್ಕೆ ಮನೆಗೆ ಬಂದರು.

ಸಣ್ಣ ಕರುಳಿನ ಗಡ್ಡೆ ಅಂದರೆ ಒಂದೇ ರೋಗವಲ್ಲ. ಅಡಿನೋಕಾರ್ಸಿನೋಮಾ, ನ್ಯೂರೋಎಂಡೋಕ್ರೈನ್, ಲಿಂಫೋಮಾ, ಜಿಸ್ಟ್ ಹೀಗೆ ಹಲವು ಇವೆ. ಕ್ಯಾನ್ಸರ್ ಅಲ್ಲದವೂ ಇವೆ. ಔಷಧಿ ಬೇರೆ ಬೇರೆ. ಹಾಗಾಗಿ ಬಯಾಪ್ಸಿ (ತುಣುಕಿನ ಪರೀಕ್ಷೆ) ವರದಿಯ ಒಂದೊಂದು ಸಾಲನ್ನೂ ಡಾಕ್ಟರ ಹತ್ತಿರ ಕೇಳಿ ತಿಳಿದುಕೊ. ನನ್ನ ಗಂಡನದು ಜಿಸ್ಟ್, ಕರುಳಿನ ಗೋಡೆಯಲ್ಲಿ ಬೆಳೆಯುವ ಗಡ್ಡೆ. ಅದಕ್ಕೆ ಮಾಮೂಲಿ ಕೀಮೋ ಹಿಡಿಯುವುದಿಲ್ಲ. ಮರಳಿ ಬರುವ ಅಪಾಯ ಜಾಸ್ತಿ ಅಂತ ಇಮ್ಯಾಟಿನಿಬ್ ಅನ್ನುವ ಮಾತ್ರೆ 400 ಮಿಲಿಗ್ರಾಂ, ದಿನಕ್ಕೊಂದು, 3 ವರ್ಷ ಕೊಟ್ಟರು. 2013ರಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ನೊವಾರ್ಟಿಸ್ ಅನ್ನುವ ವಿದೇಶಿ ಕಂಪನಿ ಕೇಳಿದ ಪೇಟೆಂಟ್ ಕೊಡಲಿಲ್ಲ. ಅದಕ್ಕೇ ನಮ್ಮ ದೇಶದ ಕಂಪನಿಗಳ ಮಾತ್ರೆ ಕಡಿಮೆ ಬೆಲೆಗೆ ಸಿಗುತ್ತದೆ. ಬೆಳಿಗ್ಗೆ ಕಣ್ಣಿನ ಸುತ್ತ ಬಾವು ಬರುತ್ತಿತ್ತು. ಊಟದ ಜೊತೆ, ದೊಡ್ಡ ಲೋಟ ನೀರಿನಲ್ಲಿ ನುಂಗಿದರೆ ವಾಕರಿಕೆ ಕಡಿಮೆ. ಈಗ ಮಾತ್ರೆ ಮುಗಿದಿದೆ, ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಇದೆ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಮೊದಲೇ ವಿಚಾರಿಸು.

ವಿಜಯಪುರದ ನರ್ಸ್:
ಒಂದು ಪ್ರಶ್ನೆ. ಊಟದ ನಂತರ ಹೊಟ್ಟೆ ಹಿಂಡಿದಂತೆ ನೋವು, ಉಬ್ಬರ, ವಾಂತಿ ಇದೆಯಾ? ಮಲ ಡಾಂಬರಿನಂತೆ ಅಂಟಾಗಿ, ಕೆಟ್ಟ ವಾಸನೆ ಬರುತ್ತದೆಯಾ? ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಅದು ಡಾಂಬರಿನಷ್ಟು ಅಂಟಿರುವುದಿಲ್ಲ.

ಮುಧೋಳದ ಮಗ:
ಉಂಡ ಮೇಲೆ ಹೊಟ್ಟೆ ಹಿಡಿದು ಕೂರುತ್ತಾಳೆ. ಎರಡು ಸಲ ವಾಂತಿಯೂ ಆಗಿದೆ. ಗ್ಯಾಸ್ ಅಂದುಕೊಂಡಿದ್ದೆವು, ಡಾಕ್ಟರಿಗೆ ಹೇಳಿಲ್ಲ.

ವಿಜಯಪುರದ ನರ್ಸ್:
ಇದನ್ನು ತಪ್ಪದೇ ಹೇಳಿ. ಕ್ಯಾಪ್ಸೂಲ್ ಸುಮಾರು 26 ಮಿಲಿಮೀಟರ್ ಉದ್ದ ಇರುತ್ತದೆ. ಎಂಟು ತಾಸು ಫೋಟೋ ತೆಗೆಯುತ್ತಾ ಹೋಗಿ, ಮಲದಲ್ಲಿ ಬೀಳುತ್ತದೆ. ಕರುಳು ಕಿರಿದಾಗಿದ್ದರೆ ಅಲ್ಲೇ ಸಿಕ್ಕಿಕೊಳ್ಳಬಹುದು. ಅಂಥವರಿಗೆ ಮೊದಲು ಸಿಟಿ ಎಂಟರೋಗ್ರಫಿ ಮಾಡುತ್ತಾರೆ. ಕ್ಯಾಪ್ಸೂಲಿನಿಂದ ತುಣುಕು ತೆಗೆಯಲೂ ಆಗುವುದಿಲ್ಲ, ಅದಕ್ಕೆ ಬಲೂನ್ ಇರುವ ಉದ್ದ ನಳಿಕೆಯನ್ನು ಸಣ್ಣ ಕರುಳಿನೊಳಗೆ ಕಳಿಸುವ ಬಲೂನ್ ಎಂಟರೋಸ್ಕೋಪಿ ಬೇರೆ ಇದೆ. ಹೊಟ್ಟೆ ಉಬ್ಬಿ ಗಾಳಿಯೂ ಹೋಗದೆ ವಾಂತಿ ನಿಲ್ಲದಿದ್ದರೆ ರಾತ್ರಿಯಾದರೂ ಸರಿ, ನೇರ ಆಸ್ಪತ್ರೆಗೆ ಹೋಗಿ.

ಮುಧೋಳದ ಮಗ:
ಡಾಕ್ಟರಿಗೆ ಫೋನ್ ಮಾಡಿ ವಾಂತಿಯ ವಿಷಯ ಹೇಳಿದೆ. ಮೊದಲು ಸಿಟಿಯೇ ಮಾಡೋಣ, ಸೋಮವಾರ ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದರು. ಕಾರ್ಡ್ ಹುಡುಕಿ ಇಟ್ಟಿದ್ದೇನೆ ಅಕ್ಕಾ.