ಗಾಣದ ಸಬ್ಸಿಡಿ: ಮೊದಲು ಅರ್ಜಿ, ಆಮೇಲೆ ಮಷೀನು

ಅಕ್ಕ, ನಿನ್ನ ಮೆಸೇಜ್ ಈಗ ಕೇಳಿದೆ. ಮಗ ಕಡಲೆಕಾಯಿ ಎಣ್ಣೆಗೆ ಮರದ ಗಾಣ ಹಾಕ್ತಾನೆ, ಸರ್ಕಾರ ಅರ್ಧ ದುಡ್ಡು ಕೊಡುತ್ತಂತೆ, ನಾಳೆ ಮಷೀನಿಗೆ ಅಡ್ವಾನ್ಸ್ ಕೊಡ್ಲಾ ಅಂದ್ಯಲ್ಲ, ದಯವಿಟ್ಟು ಕೊಡಬೇಡಿ. ಕೈಯಿಂದ ದುಡ್ಡು ಹಾಕಿ ತಂದ ಮಷೀನಿಗೆ ಈ ಸಬ್ಸಿಡಿ ಸಿಗಲ್ಲ. ಇದು ಬ್ಯಾಂಕ್ ಸಾಲಕ್ಕೆ ಅಂಟಿಕೊಂಡೇ ಬರೋದು.

ಸ್ಕೀಮಿನ ಹೆಸರು ಪಿಎಂಎಫ್ಎಂಇ, ಸಣ್ಣ ಆಹಾರ ಸಂಸ್ಕರಣಾ ಘಟಕಗಳಿಗೆ ಅಂತ ಕೇಂದ್ರ 2020ರಲ್ಲಿ ಶುರು ಮಾಡಿದ್ದು. ಕೇಂದ್ರದ್ದು ಶೇ. 35, ನಮ್ಮ ರಾಜ್ಯ ಅದರ ಮೇಲೆ ಶೇ. 15 ಸೇರಿಸುತ್ತೆ. ಒಟ್ಟು ಅರ್ಧ, ಆದ್ರೆ 15 ಲಕ್ಷ ದಾಟಲ್ಲ. ಇಲ್ಲಿ ನೋಡ್ಕೊಳ್ಳೋದು ಕೆಪೆಕ್, ಅಂದ್ರೆ ರಾಜ್ಯದ ಕೃಷಿ ಉತ್ಪನ್ನ ಸಂಸ್ಕರಣೆ, ರಫ್ತು ನಿಗಮ.

ಲೆಕ್ಕ ಹೇಳ್ತೀನಿ. ಘಟಕಕ್ಕೆ 8 ಲಕ್ಷ ಅಂತಿಟ್ಕೋ. ಕನಿಷ್ಠ ಶೇ. 10, ಅಂದ್ರೆ 80 ಸಾವಿರ ನಮ್ಮದು, ಉಳಿದ 7.2 ಲಕ್ಷ ಸಾಲ. ಸಬ್ಸಿಡಿ 4 ಲಕ್ಷ ಯಾರ ಕೈಗೂ ಬರಲ್ಲ, ಬ್ಯಾಂಕಲ್ಲೇ ಮೂರು ವರ್ಷ ಕೂತಿರುತ್ತೆ. ಗಾಣ ನಡೀತಿದ್ದು, ಕಂತೂ ಸರಿಯಾಗಿ ಹೋಗ್ತಿದ್ರೆ ಆಮೇಲೆ ಸಾಲಕ್ಕೆ ಜಮಾ. ನಡುವೆ ಖಾತೆ ಎನ್‌ಪಿಎ ಆಯ್ತೋ, ಅಂದ್ರೆ ಕಂತು ನಿಂತು ಕೆಟ್ಟ ಸಾಲ ಅನ್ನಿಸ್ಕೊಳ್ತೋ, ಬ್ಯಾಂಕ್ ಆ ದುಡ್ಡನ್ನ ಬಾಕಿಗೆ ಹಿಡ್ಕೊಳ್ಳುತ್ತೆ. ಸಬ್ಸಿಡಿ ಬ್ಯಾಂಕಿಗೆ ಬರೋವರೆಗೆ ಪೂರ್ತಿ ಸಾಲಕ್ಕೆ ಬಡ್ಡಿ ಓಡ್ತಿರುತ್ತೆ, ಅದನ್ನೂ ಲೆಕ್ಕದಲ್ಲಿ ಇಟ್ಕೊಳ್ಳಿ.

ಜನ ಹೆಚ್ಚಾಗಿ ಎಡವೋದು ಕಡಲೆಕಾಯಿ ಕೊಳ್ಳೋ ದುಡ್ಡಲ್ಲಿ. ಸಬ್ಸಿಡಿ ಇರೋದು ಮಷೀನಿಗೆ, ಮತ್ತೆ ಅದಕ್ಕೆ ಬೇಕಾದಷ್ಟು ಕಟ್ಟಡದ ಕೆಲಸಕ್ಕೆ. ಜಾಗ, ಕಚ್ಚಾ ಮಾಲು ಅದಕ್ಕೆ ಸೇರಲ್ಲ. ಒಂದು ಲೀಟರ್ ಎಣ್ಣೆಗೆ ಸುಮಾರು ಎರಡೂವರೆ ಕೆಜಿ ಬೀಜ ಬೇಕು. ದಿನಕ್ಕೆ 60 ಕೆಜಿ ಆಡಿಸಿದ್ರೆ 24 ಲೀಟರ್, ತಿಂಗಳಿಗೆ 25 ದಿನ ಹಿಡಿದ್ರೆ 1,500 ಕೆಜಿ. ಕೆಜಿ 120 ರೂಪಾಯಿ ಅಂದ್ಕೊಂಡ್ರೂ 1.8 ಲಕ್ಷ ಆಯ್ತು. ಎಣ್ಣೆ ಮಾರಿ ದುಡ್ಡು ವಾಪಸ್ ಬರೋವರೆಗೆ ಇಷ್ಟು ಕೈಯಲ್ಲಿರಬೇಕು, ಇಲ್ಲಾಂದ್ರೆ ಬ್ಯಾಂಕಲ್ಲಿ ದುಡಿಮೆ ಬಂಡವಾಳದ ಸಾಲ ಬೇರೆ ಕೇಳಬೇಕು. ಒಳ್ಳೆ ಗಾಣಗಳು ಬೀಜಕ್ಕೆ ದುಡ್ಡಿಲ್ದೆ ಬಾಗಿಲು ಹಾಕೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಈಗ ಮಾಡಬೇಕಾದ್ದು. ಜಂಟಿ ಕೃಷಿ ನಿರ್ದೇಶಕರ ಕಚೇರಿಗೆ ಹೋಗಿ ಜಿಲ್ಲಾ ಸಂಪನ್ಮೂಲ ವ್ಯಕ್ತಿ ಯಾರು ಅಂತ ಕೇಳ್ಲಿ. ಅರ್ಜಿ, ಯೋಜನಾ ವರದಿ ಎಲ್ಲ ಅವರೇ ಮಾಡಿಸ್ತಾರೆ. ಅವರಿಗೆ ಸರ್ಕಾರವೇ ದುಡ್ಡು ಕೊಡುತ್ತೆ, ನೀವು ಕೊಡೋದೇನಿಲ್ಲ. ಸಣ್ಣ ಉದ್ಯಮಗಳು ಮಾಡಿಸೋ ಉದ್ಯಮ್ ನೋಂದಣಿಯೂ ಪುಕ್ಕಟೆ, ಫೀಸ್ ಕೇಳಿದ್ರೆ ಅದು ಸರ್ಕಾರದ ವೆಬ್‌ಸೈಟ್ ಅಲ್ಲ ಅಂತ ತಿಳ್ಕೊಳ್ಳಿ.

ಅರ್ಜಿಗೆ ಮುಂಚೆ ಆಧಾರ್, ಪ್ಯಾನ್, ಪಾಸ್‌ಬುಕ್ ಪಕ್ಕಪಕ್ಕ ಇಟ್ಟು ಹೆಸರು ನೋಡಿ. ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಅಪ್ಪನ ಪೂರ್ತಿ ಹೆಸರು ಇದ್ರೆ ಈಗಲೇ ಸರಿ ಮಾಡಿಸಿ. ಸಿಬಿಲ್, ಅಂದ್ರೆ ಹಳೇ ಸಾಲ ಹೇಗೆ ಕಟ್ಟಿದ್ದಾನೆ ಅನ್ನೋ ವರದಿ, ಅದನ್ನೂ ತೆಗೆಸಿ. ಬೈಕ್ ಸಾಲದ ಕಂತು ಬಾಕಿ ಇದ್ರೆ ಅರ್ಜಿ ನೋಡೋ ಜಿಲ್ಲಾ ಸಮಿತಿ ಒಪ್ಪಿದ್ರೂ ಬ್ಯಾಂಕ್ ಒಪ್ಪೋದು ಕಷ್ಟ.

ಮಷೀನಿನವರ ಹತ್ರ ಜಿಎಸ್‌ಟಿ ನಂಬರ್ ಇರೋ ಕೊಟೇಶನ್ ಮಾತ್ರ ತಗೊಳ್ಳಿ, ಮೋಟಾರ್ ಎಷ್ಟು ಎಚ್‌ಪಿ, ಸಿಂಗಲ್ ಫೇಸಾ ತ್ರೀ ಫೇಸಾ ಅಂತ ಅದರಲ್ಲೇ ಬರೆಸಿ. ಕರೆಂಟ್ ಕನೆಕ್ಷನ್ ಅದರ ಮೇಲೇ ನಿಂತಿದೆ. ಕೊಟೇಶನ್ ಬಂದ್ಮೇಲೆ ಫೋಟೋ ಇಲ್ಲೇ ಹಾಕು, ನೋಡಿ ಹೇಳ್ತೀನಿ.